ಮಂಗಳೂರಿನಿಂದ ಕಾರವಾರಕ್ಕೆ ಒಬ್ಬರೇ ಕಾರಿನಲ್ಲಿ: ಕಡಲತೀರದ ಫೋಟೊಗಳಿಗೆ ಸಮಗ್ರ ಮಾರ್ಗದರ್ಶಿ

ತಲಪಾಡಿಯಿಂದ ಮಾಜಾಳಿವರೆಗೆ ರಾಷ್ಟ್ರೀಯ ಹೆದ್ದಾರಿ 66 ಸುಮಾರು 280 ಕಿ.ಮೀ. ಇದೆ. ಎಲ್ಲೂ ನಿಲ್ಲಿಸದೆ ಹೋದರೆ ಒಂದೇ ದಿನದ ದಾರಿ. ಕ್ಯಾಮೆರಾ ಇಟ್ಟುಕೊಂಡು ಒಬ್ಬರೇ ಹೊರಟವರು ಇದನ್ನು ಎರಡು ದಿನಕ್ಕೆ ಹಂಚಿಕೊಂಡು, ಹದಿನೈದು ಬೀಚುಗಳ ಪಟ್ಟಿ ಹಿಡಿದು ಓಡುತ್ತಾರೆ. ಕೊನೆಗೆ ಎಲ್ಲ ಕಡೆಯ ಫೋಟೊವೂ ಒಂದೇ ಥರ: ನಟ್ಟನಡುವೆ ಸೂರ್ಯ, ಕೆಳಗೆ ಕಪ್ಪಾದ ಮರಳು, ಓರೆಯಾದ ದಿಗಂತ, ಲೆನ್ಸ್ ಮೇಲೆ ಉಪ್ಪಿನ ಪೊರೆ.

ಯೋಜನೆಯ ಕ್ರಮ ತಲೆಕೆಳಗಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಮೊದಲು ಜಾಗಗಳ ಪಟ್ಟಿ, ಆಮೇಲೆ ರೂಮು, ನೆನಪಾದರೆ ಕೊನೆಗೆ ಉಬ್ಬರ ಇಳಿತ. ಕಡಲಿನ ಫೋಟೊಗೆ ಮೊದಲು ನೀರಿನ ಮಟ್ಟ ನೋಡಬೇಕು, ಆಮೇಲೆ ಬೆಳಕಿನ ದಿಕ್ಕು, ಆಮೇಲೆ ಜಾಗ. ರೂಮು ಎಲ್ಲಿ ಎಂಬುದು ಅದರಿಂದ ತಾನಾಗಿ ತೀರ್ಮಾನವಾಗುತ್ತದೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ.

## ಹಂತ 1: ತಿಂಗಳು ಮತ್ತು ತಿಥಿ ಗೊತ್ತು ಮಾಡಿಕೊಳ್ಳಿ

ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮೋಡಗಳು ಉಳಿದಿರುತ್ತವೆ. ಬಣ್ಣ ಹಿಡಿಯಲು ಆಕಾಶದಲ್ಲಿ ಏನಾದರೂ ಇರಬೇಕಲ್ಲ, ಆ ಲೆಕ್ಕದಲ್ಲಿ ಈ ಎರಡು ತಿಂಗಳು ಡಿಸೆಂಬರಿಗಿಂತ ಮೇಲು. ಮಾರ್ಚ್ ನಂತರ ದಿಗಂತದಲ್ಲಿ ಮಬ್ಬು ಗಟ್ಟಿಯಾಗುತ್ತದೆ, ಸೂರ್ಯ ಎಷ್ಟೋ ದಿನ ನೀರು ಮುಟ್ಟುವ ಮೊದಲೇ ಮಾಯ.

ಜೂನ್‌ನಿಂದ ಸೆಪ್ಟೆಂಬರ್ ಒಬ್ಬರೇ ಹೋಗುವ ಕಾಲವಲ್ಲ. ಕಡಲು ನೋಡಲು ಭರ್ಜರಿಯಾಗಿರುತ್ತದೆ, ನಿಜ. ಆದರೆ ಬಂಡೆಗಳ ಮೇಲೆ ಕಾಲಿಡುವಂತಿಲ್ಲ, ಅಂಕೋಲಾ ಕಡೆ ಗುಡ್ಡ ಕುಸಿಯುವ ಭಯವೂ ಇದೆ. 2024ರ ಜುಲೈಯಲ್ಲಿ ಶಿರೂರಿನ ಬಳಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಬಿದ್ದು ಜನ ಸತ್ತರು.

ತಿಂಗಳು ಗೊತ್ತಾದ ಮೇಲೆ ತಿಥಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡರ ನಡುವೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು ಅಂತರ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಆಗ ಮಂಗಳೂರಿನ ಕಡೆ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರ್ ಆಸುಪಾಸು, ಕಾರವಾರದ ಕಡೆ ಎರಡು ಮೀಟರ್ ಹತ್ತಿರ ವ್ಯತ್ಯಾಸ ಇರುತ್ತದೆ. ಇಳಿಜಾರು ಕಡಿಮೆ ಇರುವ ಮರಳಿನಲ್ಲಿ ಅಷ್ಟು ಏರಿಳಿತವೆಂದರೆ ನಲವತ್ತು ಐವತ್ತು ಮೀಟರ್ ಅಗಲದ ತೀರ ಇದ್ದೂ ಇಲ್ಲದಂತೆ.

ನಿಮಗೆ ಬೇಕಾದದ್ದು ಸೂರ್ಯಾಸ್ತದ ಹೊತ್ತಿಗೆ ನೀರು ಇಳಿಯುತ್ತಿರುವ ದಿನ. ಇಳಿಯುವ ನೀರು ಕಾಲಿನ ಗುರುತಿಲ್ಲದ ಒದ್ದೆ ಮರಳನ್ನು ಬಿಟ್ಟುಹೋಗುತ್ತದೆ, ಆಕಾಶದ ಬಣ್ಣ ಅದರಲ್ಲಿ ಪೂರ್ತಿ ಪ್ರತಿಬಿಂಬಿಸುತ್ತದೆ. ಅಡಗಿದ್ದ ಬಂಡೆಗಳು ಮೇಲೆದ್ದು ಮುನ್ನೆಲೆಗೆ ವಸ್ತು ಸಿಗುತ್ತದೆ. ಏರುವ ನೀರಿನಲ್ಲಿ ಇದ್ಯಾವುದೂ ಇಲ್ಲ, ಮೇಲಾಗಿ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಇಳಿತ ಸಾಮಾನ್ಯವಾಗಿ ಸಂಜೆಯ ಹತ್ತಿರಕ್ಕೆ ಬರುತ್ತದೆ. ಎರಡರಲ್ಲಿ ಹುಣ್ಣಿಮೆಯನ್ನೇ ಆರಿಸಿ. ಹುಣ್ಣಿಮೆಯ ಮರುದಿನ ಬೆಳಗ್ಗೆ ಚಂದ್ರ ಪಡುಗಡಲ ಮೇಲೆ ಇನ್ನೂ ನಿಂತಿರುವಾಗಲೇ ಪೂರ್ವದಲ್ಲಿ ಬೆಳಕಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಕಡಲಿನ ಫೋಟೊಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ನಿಖರ ಸಮಯವನ್ನು ಮಾತ್ರ ಪಂಚಾಂಗದಿಂದ ಊಹಿಸಬೇಡಿ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್ಕಾಯ್ಸ್‌ನ (INCOIS) ಜಾಲತಾಣದಲ್ಲಿ ಉಬ್ಬರ ಇಳಿತದ ಸಮಯವೂ ಅಲೆಯ ಎಚ್ಚರಿಕೆಯೂ ಸಿಗುತ್ತವೆ. ಪ್ರಯಾಣದ ಐದೂ ದಿನದ್ದನ್ನು (ಐದು ದಿನ ಏಕೆಂಬುದು ಹಂತ 3ರಲ್ಲಿದೆ) ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಬಂಡೆಯ ಮೇಲೆ ನಿಂತಾಗ ನೆಟ್‌ವರ್ಕ್ ಇರುತ್ತದೆಂಬ ಖಾತರಿ ಇಲ್ಲ.

## ಹಂತ 2: ದಕ್ಷಿಣದಿಂದ ಉತ್ತರಕ್ಕೇ ಹೋಗಿ

ಮಂಗಳೂರಿನಿಂದ ಕಾರವಾರದ ಕಡೆ ಹೊರಟರೆ ಕಡಲು ಎಡಕ್ಕೆ. ಹೆದ್ದಾರಿಯ ಬಹುಭಾಗ ಈಗ ನಡುವೆ ಡಿವೈಡರ್ ಇರುವ ಚತುಷ್ಪಥ. ಬೀಚಿನ ಅಡ್ಡರಸ್ತೆ ಕಂಡ ಕೂಡಲೇ ಎಡಕ್ಕೆ ತಿರುಗಿದರೆ ಮುಗಿಯಿತು. ಕಾರವಾರದಿಂದ ಕೆಳಗೆ ಬಂದರೆ ಪ್ರತಿ ಸಲವೂ ಯು ಟರ್ನ್ ಹುಡುಕಿಕೊಂಡು ಮುಂದೆ ಹೋಗಿ ವಾಪಸ್ ಬರಬೇಕು, ಎದುರಿನಿಂದ ಬರುವ ಲಾರಿಗಳ ಮುಂದೆ ಕಾರು ತಿರುಗಿಸಬೇಕು. ಪಕ್ಕದಲ್ಲಿ ಕುಳಿತು “ಬರ್ಲಿ, ಬರ್ಲಿ” ಎನ್ನುವವರು ಇಲ್ಲದಾಗ ಇದು ಸಣ್ಣ ವಿಷಯವಲ್ಲ.

ಎಡ ಅಂಚಿನಲ್ಲೂ ಕಣ್ಣಿರಲಿ. ಸರ್ವಿಸ್ ರಸ್ತೆಯಲ್ಲಿ ಎದುರುದಿಕ್ಕಿನಿಂದ ಬರುವ ಸ್ಕೂಟರ್, ಮುಸ್ಸಂಜೆ ಡಿವೈಡರ್ ಪಕ್ಕ ಮಲಗಿದ ದನ, ಮೀನಿನ ಲಾರಿ ಸುರಿಸಿಕೊಂಡು ಹೋದ ನೀರು – ಮೂರೂ ಈ ದಾರಿಯಲ್ಲಿ ದಿನನಿತ್ಯದ್ದು. ಮೀನುನೀರು ಬಿದ್ದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಟಯರ್ ಜಾರುತ್ತದೆ, ತಿರುವಿಗೆ ಮೊದಲೇ ವೇಗ ಇಳಿಸಿ. ಸೂರ್ಯಾಸ್ತದ ಫೋಟೊ ಮುಗಿದ ಮೇಲೆ 20 ಕಿ.ಮೀ.ಗಿಂತ ದೂರದ ರೂಮಿಗೆ ಹೋಗುವ ಯೋಜನೆ ಬೇಡ.

ಟೋಲ್‌ಗೇಟುಗಳು ಹಲವು ಇವೆ, ಫಾಸ್ಟ್ಯಾಗಿನಲ್ಲಿ ಹಣ ಸಾಕಷ್ಟಿದೆಯೇ ನೋಡಿಕೊಳ್ಳಿ.

## ಹಂತ 3: ದಿನಕ್ಕೆ ಎರಡೇ ಜಾಗ

ಒಂದು ಬೆಳಗ್ಗೆ, ಒಂದು ಸಂಜೆ. ಮಧ್ಯಾಹ್ನ ಕಾರು ಓಡಿಸಲು, ಊಟಕ್ಕೆ, ಸಂಜೆಯ ಜಾಗವನ್ನು ಮೊದಲೇ ನೋಡಿ ಬರಲು. ದಿನಕ್ಕೆ 90 ಕಿ.ಮೀ. ದಾಟಬಾರದು. ಹೀಗೆ ಮಾಡಿದರೆ ಐದು ದಿನ ಬೇಕು:

ಮೊದಲ ದಿನ: ಮಧ್ಯಾಹ್ನ ಮಂಗಳೂರು ಬಿಟ್ಟು ಸಂಜೆ ಕಾಪು ದೀಪಸ್ತಂಭ. ವಾಸ್ತವ್ಯ ಮಲ್ಪೆ.

ಎರಡನೇ ದಿನ: ಬೆಳಗ್ಗೆ ಕೋಡಿಬೆಂಗ್ರೆ, ಸುವರ್ಣಾ ನದಿ ಕಡಲು ಸೇರುವ ಅಳಿವೆ. ಸಂಜೆ ಮರವಂತೆ. ವಾಸ್ತವ್ಯ ತ್ರಾಸಿ ಅಥವಾ ಕುಂದಾಪುರ.

ಮೂರನೇ ದಿನ: ಬೆಳಗ್ಗೆ ಮರವಂತೆಯಲ್ಲೇ, ಆದರೆ ಸೌಪರ್ಣಿಕೆಯ ದಡದಲ್ಲಿ. ಸಂಜೆ ಹೊನ್ನಾವರದ ಕಾಸರಕೋಡು.

ನಾಲ್ಕನೇ ದಿನ: ಬೆಳಗ್ಗೆ ಶರಾವತಿ ಅಳಿವೆ. ಸಂಜೆ ಗೋಕರ್ಣದ ಓಂ ಬೀಚ್.

ಐದನೇ ದಿನ: ಬೆಳಗ್ಗೆ ಅಘನಾಶಿನಿಯ ಹಿನ್ನೀರು ಅಥವಾ ಸಾಣಿಕಟ್ಟೆಯ ಉಪ್ಪಿನಗದ್ದೆ. ಸಂಜೆ ಕಾರವಾರ.

ಮೂರೇ ದಿನ ಇದ್ದರೆ ಎಲ್ಲವನ್ನೂ ಅರ್ಧರ್ಧ ಮಾಡಬೇಡಿ, ಮರವಂತೆಯ ಬೆಳಗು ಮುಗಿಸಿ ತಿರುಗಿಬಿಡಿ.

ಪಟ್ಟಿಯಲ್ಲಿ ಸೇಂಟ್ ಮೇರೀಸ್ ದ್ವೀಪ ಇಲ್ಲದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಅಲ್ಲಿನ ಕಂಬದಾಕಾರದ ಬಂಡೆಗಳು ಅಪರೂಪದವೇ. ಆದರೆ ಮಲ್ಪೆಯಿಂದ ಬೋಟು ಹಗಲಿನಲ್ಲಿ ಮಾತ್ರ, ಬೆಳಕು ಚೆನ್ನಾಗಿ ಬರುವ ಮುನ್ನ ವಾಪಸ್ ಹತ್ತಿಸಿಬಿಡುತ್ತಾರೆ. ಹೋಗಲೇಬೇಕಿದ್ದರೆ ಬೆಳಗಿನ ಮೊದಲ ಬೋಟು ಹಿಡಿದು, ಬಂಡೆಗಳ ಆಕಾರವನ್ನಷ್ಟೇ ಹತ್ತಿರದಿಂದ ಕಪ್ಪುಬಿಳುಪಿನಲ್ಲಿ ತೆಗೆಯಿರಿ. ಮುರುಡೇಶ್ವರದ್ದೂ ಇದೇ ಕತೆ: ವಿಗ್ರಹವೂ ರಾಜಗೋಪುರವೂ ಎಲ್ಲ ಕೋನದಿಂದಲೂ ತೆಗೆದು ಮುಗಿದಿವೆ, ಜನಜಂಗುಳಿಯಲ್ಲಿ ಟ್ರೈಪಾಡ್ ಊರಲು ಜಾಗವಿಲ್ಲ. ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿ, ಸಾಕು.

## ಹಂತ 4: ಬ್ಯಾಗಿನಲ್ಲಿ ಏನು, ಎಷ್ಟು

ಒಬ್ಬರೇ ಹೊರುವುದು, ಒಬ್ಬರೇ ಕಾಯುವುದು. ಆದ್ದರಿಂದ ಬ್ಯಾಗ್ ಏಳೆಂಟು ಕಿಲೋ ಮೀರದಿರಲಿ.

- ಕ್ಯಾಮೆರಾ, ಒಂದು ಅಗಲ ಲೆನ್ಸ್ (ಫುಲ್‌ಫ್ರೇಮಿಗೆ 16–35 ಎಂಎಂ, ಚಿಕ್ಕ ಸೆನ್ಸರ್ ಆದರೆ 10–18), ಒಂದು 70–200 ಅಥವಾ 70–300. ನಡುವಿನದ್ದನ್ನು ಮನೆಯಲ್ಲೇ ಬಿಡಿ.
- ಗಟ್ಟಿ ಟ್ರೈಪಾಡ್. ನಡುಕಂಬ ಎತ್ತದೆಯೇ ಎದೆಮಟ್ಟಕ್ಕೆ ಬರಬೇಕು.
- ಹೊಳಪು ತೆಗೆಯುವ ಪೊಲರೈಸರ್ ಒಂದು, ಬೆಳಕು ತಗ್ಗಿಸುವ 6 ಸ್ಟಾಪ್ ಎನ್‌ಡಿ ಫಿಲ್ಟರ್ ಒಂದು. 10 ಸ್ಟಾಪಿನದ್ದು ಇದ್ದರೆ ಸರಿ, ಇದಕ್ಕೆಂದೇ ಕೊಳ್ಳಬೇಕಿಲ್ಲ.
- ರಿಮೋಟ್. ಇಲ್ಲದಿದ್ದರೆ 2 ಸೆಕೆಂಡ್ ಟೈಮರ್ ನಡೆಯುತ್ತದೆ, ಆದರೆ ಅಲೆಯ ಸರಿಯಾದ ಗಳಿಗೆ ತಪ್ಪಿಹೋಗುತ್ತದೆ.
- ಮೈಕ್ರೋಫೈಬರ್ ಬಟ್ಟೆ ಕನಿಷ್ಠ ಐದು, ಗಾಳಿ ಊದುವ ಬ್ಲೋವರ್, ಸಣ್ಣ ಬಾಟಲಿಯಲ್ಲಿ ಸಿಹಿನೀರು, ಒಂದು ಬೈರಾಸು.
- ಬ್ಯಾಟರಿ ಮೂರು, ಕಾರ್ಡ್ ನಾಲ್ಕು. ಒಂದೇ ದೊಡ್ಡ ಕಾರ್ಡಿನಲ್ಲಿ ಐದು ದಿನದ್ದನ್ನು ತುಂಬಬೇಡಿ.
- ತಲೆಗೆ ಕಟ್ಟುವ ಟಾರ್ಚ್, ಜಾರದ ಅಟ್ಟೆಯ ಚಪ್ಪಲಿ ಅಥವಾ ಶೂ. ಹವಾಯಿ ಚಪ್ಪಲಿಯಲ್ಲಿ ಬಂಡೆ ಹತ್ತಬಾರದು.

ಡ್ರೋನ್ ಒಯ್ಯುವವರು ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆಯಾ ಜಾಗದ ವಲಯ ನೋಡಿಕೊಂಡೇ ಹೊರಡಿ.

## ಹಂತ 5: ಕಾರಿನ ತಯಾರಿ, ಮತ್ತು ಮರಳಿನಿಂದ ದೂರ

ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡುವವರು ಕಡಿಮೆ, ನೋಡಿ. 12 ವೋಲ್ಟಿನ ಗಾಳಿ ಪಂಪು, ಸಣ್ಣ ಗುದ್ದಲಿ ಅಥವಾ ಸಲಿಕೆ, ಎರಡು ಗೋಣಿಚೀಲ, ಎಳೆಯುವ ಹಗ್ಗ, ಹತ್ತು ಲೀಟರ್ ನೀರು ಡಿಕ್ಕಿಯಲ್ಲಿರಲಿ.

ಬೀಚಿನ ಮೇಲೆ ಕಾರು ಇಳಿಸಲೇಬೇಡಿ. ಮರಳು ಗಟ್ಟಿ ಕಂಡರೂ ಒಂದು ಬೆರಳಿನ ಕೆಳಗೆ ಸಡಿಲ ಇರುತ್ತದೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡುವುದೂ ಇದೇ ಮರಳಿನಲ್ಲಿ. ಅನೇಕರು ಸಿಕ್ಕಿಬೀಳುವುದು ಬೀಚಿನ ಮೇಲಲ್ಲ, ಗಾಳಿಮರದ ತೋಪಿನೊಳಗಿನ ಮರಳು ರಸ್ತೆಯಲ್ಲಿ ಕಾರು ತಿರುಗಿಸುವಾಗ. ಚಕ್ರ ಸುತ್ತುತ್ತಿದೆ, ಕಾರು ಮುಂದೆ ಹೋಗುತ್ತಿಲ್ಲ ಎನಿಸಿದ ಕ್ಷಣವೇ ಆಕ್ಸಿಲರೇಟರ್ ಬಿಡಿ. ಇನ್ನೂ ಐದು ಸೆಕೆಂಡ್ ಒತ್ತಿದರೆ ಕಾರಿನ ಹೊಟ್ಟೆ ಮರಳಿಗೆ ತಾಗುತ್ತದೆ, ಆಮೇಲೆ ಟ್ರಾಕ್ಟರೇ ಗತಿ.

ಬಿಟ್ಟ ಮೇಲೆ ಮಾಡಬೇಕಾದ ಕ್ರಮ: ಮುಂದಿನ ಚಕ್ರಗಳ ಮುಂದೂ ಹಿಂದೂ ಮರಳು ತೋಡಿ ಇಳಿಜಾರು ಮಾಡಿ (ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದಲೇ ಎಳೆಯುವಂಥವು). ಟಯರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ. ಚಕ್ರದಡಿ ಗೋಣಿಚೀಲ ತುರುಕಿ, ಇಲ್ಲದಿದ್ದರೆ ತೆಂಗಿನ ಮಡಲೂ ಆದೀತು. ಸ್ಟಿಯರಿಂಗ್ ನೇರ ಇಟ್ಟು, ಬಂದ ದಾರಿಯಲ್ಲೇ ರಿವರ್ಸ್ ಗೇರಿನಲ್ಲಿ ನಿಧಾನ ಹೊರಬನ್ನಿ. ಡಾಂಬರಿಗೆ ಬಂದ ಕೂಡಲೇ ಗಾಳಿ ಮತ್ತೆ ತುಂಬಿಸಿ, ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಹೋಗಬಾರದು.

ನಿಲ್ಲಿಸುವಾಗ ಕಾರಿನ ಮೂತಿ ರಸ್ತೆಯ ಕಡೆಗಿರಲಿ, ಕತ್ತಲಲ್ಲಿ ತಿರುಗಿಸುವ ಕೆಲಸ ಉಳಿಯುತ್ತದೆ. ತೆಂಗಿನ ಮರದಡಿ ನಿಲ್ಲಿಸಬೇಡಿ. ಘಟ್ಟದ ಮೇಲಿನವರು ನೆರಳು ಕಂಡ ಕಡೆ ನಿಲ್ಲಿಸಿ ಬಾನೆಟ್ ಜಜ್ಜಿಸಿಕೊಳ್ಳುವುದು ಇಲ್ಲಿ ಮಾಮೂಲು. ದೋಣಿ ಎಳೆಯುವ, ಬಲೆ ಹರಡುವ ಜಾಗಕ್ಕೆ ಅಡ್ಡ ನಿಲ್ಲಿಸುವುದೂ ಬೇಡ. ಬ್ಯಾಗಿನಿಂದ ಬೇಕಾದ್ದನ್ನು ಒಂದು ಕಿಲೋಮೀಟರ್ ಮೊದಲೇ ತೆಗೆದಿಟ್ಟುಕೊಳ್ಳಿ. ನಿಲ್ಲಿಸಿದ ಜಾಗದಲ್ಲಿ ಡಿಕ್ಕಿ ತೆರೆದು ಲೆನ್ಸುಗಳ ಪ್ರದರ್ಶನ ಇಟ್ಟು, ಆಮೇಲೆ ಬೀಗ ಹಾಕಿ ಹೋಗುವುದು ಕಳ್ಳರಿಗೆ ಆಮಂತ್ರಣ.

## ಹಂತ 6: ತಲುಪಿದ ಮೇಲಿನ ಮೊದಲ ಅರ್ಧ ಗಂಟೆ

ಸೂರ್ಯಾಸ್ತಕ್ಕೆ 90 ನಿಮಿಷ ಮೊದಲು ತಲುಪಿ. ಇಲ್ಲಿ ಸೂರ್ಯಾಸ್ತ ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಫೆಬ್ರವರಿಯಲ್ಲಿ ಆರೂವರೆ ಆಸುಪಾಸು.

ಎಸಿ ಮಂಜು. ತಣ್ಣಗಿನ ಕಾರಿನಿಂದ ಕ್ಯಾಮೆರಾವನ್ನು ನೇರ ಹೊರಗೆ ತೆಗೆದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಕೆಲವೊಮ್ಮೆ ಒಳಗಾಜಿನ ಮೇಲೂ. ತಲುಪುವ 20–30 ನಿಮಿಷ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಬ್ಯಾಗಿನ ಜಿಪ್ ಹಾಕಿಯೇ ಇರಲಿ, ಕ್ಯಾಮೆರಾ ನಿಧಾನವಾಗಿ ಬೆಚ್ಚಗಾಗುತ್ತದೆ. ಬೆಳಗ್ಗೆ ಎಸಿ ರೂಮಿನಿಂದ ಹೊರಡುವಾಗಲೂ ಇದೇ ಸಮಸ್ಯೆ. ರಾತ್ರಿ ಬ್ಯಾಗನ್ನು ಬಚ್ಚಲುಮನೆಯ ಬಳಿ ಇಡದೆ, ಎಸಿ ತಾಗದ ಕಪಾಟಿನಲ್ಲಿಡಿ.

ಲೆನ್ಸ್ ಬದಲಾವಣೆ. ಕಾರಿನ ಕಿಟಕಿ ಏರಿಸಿಕೊಂಡು ಒಳಗೇ ಮಾಡಿ. ತೀರದ ಗಾಳಿಯಲ್ಲಿ ಉಪ್ಪೂ ಮರಳೂ ಒಟ್ಟಿಗೆ ಬರುತ್ತವೆ.

ಅಲೆ ನೋಡುವುದು. ಬಂಡೆಯ ಮೇಲೆ ಹತ್ತುವ ಮೊದಲು 15 ನಿಮಿಷ ಸುಮ್ಮನೆ ನಿಂತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ: ಹತ್ತು ಸಣ್ಣವು ಬಂದ ಮೇಲೆ ಎರಡು ಮೂರು ದೊಡ್ಡವು. ಒಂದೆರಡು ನಿಮಿಷ ನೋಡಿ “ಇಲ್ಲಿಗೆ ನೀರು ಬರಲ್ಲ” ಎಂದು ತೀರ್ಮಾನಿಸಿದವರೇ ನೆನೆಯುವುದು. ಬಂಡೆ ಒದ್ದೆಯಾಗಿ ಗಾಢವಾಗಿ ಕಾಣುವ ಗೆರೆಯವರೆಗೆ ಇತ್ತೀಚೆಗೆ ಅಲೆ ಬಂದಿದೆ ಎಂದೇ ಅರ್ಥ. ಆ ಗೆರೆಗಿಂತ ಮೇಲೆಯೇ ನಿಲ್ಲಿ. ಹಸಿರು ಪಾಚಿ, ಅದಕ್ಕಿಂತಲೂ ಕಪ್ಪು ನುಣುಪು ಪೊರೆ ಇರುವ ಕಡೆ ಕಾಲಿಡಬೇಡಿ. ಕಡಲಿಗೆ ಬೆನ್ನು ಹಾಕಿ ಕ್ಯಾಮೆರಾದ ಪರದೆ ನೋಡುತ್ತ ನಿಲ್ಲಬೇಡಿ.

ಕರೆ. ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ, “ಏಳೂವರೆಗೆ ಕಾರಿನ ಬಳಿ ಇರುತ್ತೇನೆ” ಎಂದು ಸಮಯ ಸಮೇತ ಹೇಳಿ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554, ಹೆದ್ದಾರಿ ನೆರವಿಗೆ 1033.

## ಹಂತ 7: ಸಂಜೆಯ ಫೋಟೊ

ಮೊದಲು ನಿಲ್ಲುವ ಜಾಗ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಎಡಕ್ಕೆ, ಅಂದರೆ ನೈಋತ್ಯದ ಕಡೆ, ಮುಳುಗುತ್ತಾನೆ. ಜೂನ್ ಹತ್ತಿರ ಅಷ್ಟೇ ಬಲಕ್ಕೆ. ಕಾಪುವಿನಲ್ಲಿ ಇದರ ಉಪಯೋಗ ಚೆನ್ನಾಗಿ ಗೊತ್ತಾಗುತ್ತದೆ. ಚಳಿಗಾಲದಲ್ಲಿ ದೀಪಸ್ತಂಭದ ಹಿಂದೆ ಸೂರ್ಯ ಬರಬೇಕಾದರೆ ಸ್ತಂಭದಿಂದ ಉತ್ತರಕ್ಕಿರುವ ಮರಳಿನಲ್ಲಿ ನಿಲ್ಲಬೇಕು, ಏಪ್ರಿಲ್ ಮೇ ಆದರೆ ದಕ್ಷಿಣಕ್ಕೆ. ಜನ ಮೆಟ್ಟಿಲ ಬುಡದಲ್ಲೇ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತುತ್ತಾರೆ. ಸ್ತಂಭ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. 150–200 ಮೀಟರ್ ದೂರ ಹೋಗಿ 70 ಎಂಎಂನಲ್ಲಿ ತೆಗೆದರೆ ನೆಟ್ಟಗೆ ನಿಲ್ಲುತ್ತದೆ.

ಟ್ರೈಪಾಡಿನ ಕಾಲುಗಳನ್ನು ಕೆಳಗಿನ ತೆಳು ಭಾಗದಿಂದ ಬಿಡಿಸುತ್ತ ಬನ್ನಿ, ಆಗ ಬಿಗಿಯುವ ಕೀಲುಗಳು ಮರಳಿನಿಂದ, ಉಪ್ಪುನೀರಿನಿಂದ ಮೇಲೆ ಉಳಿಯುತ್ತವೆ. ಮೂರೂ ಕಾಲುಗಳನ್ನು 10–15 ಸೆಂ.ಮೀ. ಮರಳಿಗೆ ಒತ್ತಿ. ಒತ್ತದಿದ್ದರೆ ಅಲೆ ಹಿಂದೆ ಸರಿಯುವಾಗ ಕಾಲಿನಡಿಯ ಮರಳೂ ಜಾರಿ, ಶಟರ್ ತೆರೆದಿರುವಾಗಲೇ ಕ್ಯಾಮೆರಾ ಕುಸಿಯುತ್ತದೆ. ಫೋಟೊ ಏಕೆ ಮಸುಕಾಯಿತೆಂದು ರೂಮಿನಲ್ಲಿ ತಲೆ ಕೆಡಿಸಿಕೊಳ್ಳುವವರಲ್ಲಿ ಅರ್ಧಕ್ಕರ್ಧ ಮಂದಿಯ ಉತ್ತರ ಇಲ್ಲಿದೆ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ ಆರಿಸಿ.

ಸೆಟ್ಟಿಂಗ್ ಈ ಕ್ರಮದಲ್ಲಿ:

1. ಫೈಲ್ ರಾ (RAW) ಮಾದರಿಯಲ್ಲಿ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಡೇಲೈಟಿನಲ್ಲಿ ಕಟ್ಟಿಹಾಕಿ. ಆಟೋ ಇದ್ದರೆ ಕ್ಯಾಮೆರಾ ಸಂಜೆಯ ಬಣ್ಣವನ್ನೇ ದೋಷವೆಂದು ತಿಳಿದು ತೊಳೆದುಹಾಕುತ್ತದೆ.
2. ಐಎಸ್‌ಒ 100, ಅಪರ್ಚರ್ ಎಫ್/11. ಎಫ್/22ಕ್ಕೆ ಹೋಗಬೇಡಿ, ಚಿತ್ರ ಮೆದುವಾಗುತ್ತದೆ, ಸೆನ್ಸರಿನ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕಿಗಳಾಗಿ ಕಾಣುತ್ತದೆ.
3. ಫೋಕಸ್ ದಿಗಂತಕ್ಕಲ್ಲ. ಫುಲ್‌ಫ್ರೇಮಿನಲ್ಲಿ 16 ಎಂಎಂ, ಎಫ್/11 ಆದರೆ ಸುಮಾರು ಒಂದು ಮೀಟರ್ ದೂರದ ಬಂಡೆಗೆ ಫೋಕಸ್ ಮಾಡಿ, ಮ್ಯಾನುವಲ್‌ಗೆ ಹಾಕಿ. ಅರ್ಧ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ.
4. ದಿಗಂತ ನೇರ ಮಾಡಿ. ಕ್ಯಾಮೆರಾದೊಳಗಿನ ಮಟ್ಟಗೆರೆ ಹಾಕಿಕೊಳ್ಳಿ, ಕಣ್ಣಂದಾಜನ್ನು ನಂಬಬೇಡಿ. ಬಾಗಿದ ತೀರದ ಗೆರೆ ಕಣ್ಣನ್ನು ಮೋಸಗೊಳಿಸುತ್ತದೆ.
5. ಶಟರ್: ಸರಿಯುವ ನೀರಿನ ಗೆರೆಗಳು ಬೇಕಿದ್ದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್. ಬಂಡೆಗೆ ಬಡಿದು ಎರಚುವ ನೀರಿಗೆ 1/1000. ನೀರೆಲ್ಲ ಹಾಲುಹಾಲಾಗಬೇಕೆಂದರೆ 20–30 ಸೆಕೆಂಡ್.

ಕೊನೆಯದರ ಬಗ್ಗೆ ಒಂದು ಮಾತು. ಎನ್‌ಡಿ ಫಿಲ್ಟರ್ ಕೊಂಡ ಹೊಸದರಲ್ಲಿ ಎಲ್ಲವನ್ನೂ 30 ಸೆಕೆಂಡ್ ತೆಗೆಯುವ ಹುಚ್ಚು ಹತ್ತುತ್ತದೆ. ಆಗ ಪಣಂಬೂರೂ ಕಾರವಾರವೂ ಒಂದೇ ಮಂಜಿನ ಚಾಪೆ. ಅರ್ಧ ಸೆಕೆಂಡಿನ ಫೋಟೊದಲ್ಲೇ ಅಲೆಗೆ ಆಕಾರವೂ ಉಳಿಯುತ್ತದೆ, ಚಲನೆಯೂ ಕಾಣುತ್ತದೆ. 6 ಸ್ಟಾಪ್ ಫಿಲ್ಟರ್ ಶಟರ್ ಅವಧಿಯನ್ನು 64 ಪಟ್ಟು ಹಿಗ್ಗಿಸುತ್ತದೆ: 1/125 ಇದ್ದದ್ದು ಅರ್ಧ ಸೆಕೆಂಡ್ ಆಗುತ್ತದೆ. ಸೂರ್ಯ ಇಳಿದಂತೆ ಫಿಲ್ಟರ್ ತೆಗೆದುಬಿಡಿ, ಬೆಳಕೇ ಸಾಕಷ್ಟು ಕಡಿಮೆಯಾಗಿರುತ್ತದೆ.

ಬಟನ್ ಒತ್ತುವ ಗಳಿಗೆ ಅಲೆ ಬಡಿದಾಗ ಅಲ್ಲ, ಬಡಿದು ಹಿಂದೆ ಹರಿಯಲು ಶುರುವಾದಾಗ. ನೊರೆ ಬಂಡೆಗಳ ಸುತ್ತ ಗೆರೆಗೆರೆಯಾಗಿ ಕಡಲ ಕಡೆಗೆ ಎಳೆದುಕೊಂಡು ಹೋಗುವ ಆ ಒಂದೂವರೆ ಸೆಕೆಂಡಿನಲ್ಲಿ ಎರಡು ಫ್ರೇಮ್ ಸಿಗುತ್ತವೆ. ಒಂದೇ ಚೌಕಟ್ಟನ್ನು ಇಪ್ಪತ್ತು ಅಲೆಗಳಿಗೆ ತೆಗೆಯಿರಿ. ಪ್ರತಿ ಅಲೆಯ ನಂತರ ಗಾಜು ನೋಡಿ, ಉಪ್ಪಿನ ಹನಿ ಇದ್ದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ. ಮೊದಲು ಬ್ಲೋವರ್, ಆಮೇಲೆ ಸಿಹಿನೀರು ತಾಗಿಸಿದ ಬಟ್ಟೆ, ಕೊನೆಗೆ ಒಣಬಟ್ಟೆ.

ಆಕಾಶಕ್ಕೂ ಮರಳಿಗೂ ಬೆಳಕಿನ ಅಂತರ ಹೆಚ್ಚಿದ್ದರೆ ಎಕ್ಸ್‌ಪೋಶರ್ ಬದಲಿಸಿ –2, 0, +2 ಎಂದು ಮೂರು ಫ್ರೇಮ್ ತೆಗೆಯಿರಿ. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ಸೂರ್ಯಬಿಂಬ ಸುಟ್ಟರೆ ಚಿಂತೆಯಿಲ್ಲ, ಸುತ್ತಲ ಮೋಡ ಸುಡಬಾರದು. ಮನೆಯಲ್ಲಿ ಜೋಡಿಸುವಾಗ ನೀರಿನ ಭಾಗ ಮಾತ್ರ ಒಂದೇ ಫ್ರೇಮಿನದ್ದಿರಲಿ, ಇಲ್ಲದಿದ್ದರೆ ಅಲೆಗಳು ಎರಡೆರಡಾಗಿ ಕಾಣುತ್ತವೆ. ಪೊಲರೈಸರನ್ನು ಅಗಲ ಲೆನ್ಸಿನಲ್ಲಿ ನೀಲಿ ಆಕಾಶಕ್ಕೆ ತಿರುಗಿಸಿದರೆ ಅರ್ಧ ಆಕಾಶ ಗಾಢ, ಅರ್ಧ ತಿಳಿ. ಅದನ್ನು ಒದ್ದೆ ಬಂಡೆಯ ಹೊಳಪು ತೆಗೆಯಲು ಮಾತ್ರ ಬಳಸಿ. ಒದ್ದೆ ಮರಳಿನ ಪ್ರತಿಬಿಂಬ ಬೇಕಿರುವಾಗ ಅದು ಅಡ್ಡಿ.

ಸೂರ್ಯ ಮುಳುಗಿದ ತಕ್ಷಣ ಜನ ಎದ್ದು ಹೋಗುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಕತ್ತಲು ಬೇಗ ಇಳಿಯುವುದು ನಿಜ. ಆದರೂ 20–25 ನಿಮಿಷ ಬಣ್ಣ ಇರುತ್ತದೆ, ಅತ್ಯುತ್ತಮವಾದದ್ದು ಸಾಮಾನ್ಯವಾಗಿ ಹತ್ತನೇ ನಿಮಿಷದ ನಂತರ. ತೀರ ಖಾಲಿಯಾಗಿರುತ್ತದೆ, ಫಿಲ್ಟರ್ ಬೇಕಿಲ್ಲ, ಕಾಪುವಿನಲ್ಲಾದರೆ ದೀಪವೂ ತಿರುಗಲು ಶುರುವಾಗಿರುತ್ತದೆ.

## ಹಂತ 8: ಬೆಳಗ್ಗೆ ಕಡಲು ಬಿಟ್ಟು ಅಳಿವೆಗೆ

ಪಡುಗಡಲಿನ ತೀರದಲ್ಲಿ ಸೂರ್ಯೋದಯ ಬೆನ್ನ ಹಿಂದೆ, ಅದೂ ಘಟ್ಟದ ಆಚೆಯಿಂದ ತಡವಾಗಿ. ಬೆಳಗ್ಗೆ ಐದೂವರೆಗೆದ್ದು ಬೀಚಿಗೆ ಹೋಗಿ ಚಪ್ಪಟೆ ಬೆಳಕಿನ ಫೋಟೊ ತರುವುದು ಬಯಲುಸೀಮೆಯಿಂದ ಬಂದವರ ಸಾಮಾನ್ಯ ತಪ್ಪು. ಹುಣ್ಣಿಮೆಯ ಚಂದ್ರ ಇಲ್ಲದ ದಿನ ನದಿಯ ಕಡೆ ಹೋಗಿ. ಗಾಳಿ ಏಳುವ ಮುನ್ನ, ಸಾಮಾನ್ಯವಾಗಿ ಎಂಟರೊಳಗೆ, ಹಿನ್ನೀರು ಅಲುಗಾಡದೆ ನಿಂತಿರುತ್ತದೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಸಂಜೆ ಕಡಲ ಬದಿ, ಬೆಳಗ್ಗೆ ಹೊಳೆಯ ಬದಿ. ಸೂರ್ಯ ಘಟ್ಟದ ಸಾಲಿನ ಹಿಂದಿನಿಂದ ಏರುವಾಗ 100–200 ಎಂಎಂನಲ್ಲಿ ಬೆಟ್ಟದ ಪದರಗಳು ಒಂದರ ಹಿಂದೊಂದು ಮಸುಕಾಗುತ್ತ ಹೋಗುತ್ತವೆ. ಸೂರ್ಯ ಬರುವ 15 ನಿಮಿಷ ಮೊದಲು, ಐಎಸ್‌ಒ 100, ಎಫ್/8. ಇಲ್ಲಿ ಅಪಾಯ ನೀರಿನಿಂದಲ್ಲ, ರಸ್ತೆಯಿಂದ: ಡಿವೈಡರ್ ಮೇಲೆ ಟ್ರೈಪಾಡ್ ಇಡಬೇಡಿ, ಬಸ್ಸು ಲಾರಿಗಳು ವೇಗದಲ್ಲೇ ಬರುತ್ತವೆ. ಕಡಲ್ಕೊರೆತ ತಡೆಯಲು ಸುರಿದ ಕಲ್ಲುಗಳ ಮೇಲೂ ಹತ್ತಬಾರದು, ಸಂದಿಯಲ್ಲಿ ಕಾಲು ಸಿಕ್ಕಿದರೆ ಒಬ್ಬರೇ ಎಳೆದುಕೊಳ್ಳಲಾಗದು.

ಶರಾವತಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಕಾಣಬೇಕಿದ್ದರೆ ಇಳಿತ, ಬರೀ ಹಸಿರಿನ ಪ್ರತಿಬಿಂಬ ಬೇಕಿದ್ದರೆ ಉಬ್ಬರ. ಇಳಿತದಲ್ಲಿ ಕೆಸರಿಗೆ ಇಳಿಯಬೇಡಿ, ಮೊಣಕಾಲಿನವರೆಗೆ ಹೂತುಹೋಗುತ್ತದೆ. ಸಾಣಿಕಟ್ಟೆಯ ಉಪ್ಪಿನಗದ್ದೆಗಳಲ್ಲಿ ಕೆಲಸ ನಡೆಯುವುದು ಬೇಸಿಗೆಯ ಕಡೆಗೆ. ಕಟ್ಟೆಯ ಮೇಲೆ ಮಾತ್ರ ನಡೆಯಿರಿ, ಗದ್ದೆಯೊಳಗೆ ಕಾಲಿಟ್ಟರೆ ಒಬ್ಬರ ದಿನದ ದುಡಿಮೆ ಹಾಳು.

ಕೈರಂಪಣಿ (ದಡದಲ್ಲಿ ನಿಂತು ಕೈಯಿಂದ ಎಳೆಯುವ ಮೀನುಬಲೆ) ಎಳೆಯುವವರು ಸಿಕ್ಕರೆ ದೂರದಿಂದ ಝೂಮ್ ಹಾಕಿ ಕದಿಯುವುದಕ್ಕಿಂತ ಹತ್ತಿರ ಹೋಗಿ “ಅಣ್ಣಾ, ಒಂದು ಫೋಟೊ ತೆಗೀಬಹುದಾ?” ಎಂದು ಕೇಳಿ. ಬಲೆ ಎಳೆಯುವ ಹಗ್ಗದ ಒಳಬದಿಗೆ ಮಾತ್ರ ಹೋಗಬೇಡಿ.

## ಹಂತ 9: ಕ್ಯಾಮೆರಾ ಒಳಗಿಡಬೇಕಾದ ಕಡೆ

ಕಾರವಾರಕ್ಕೆ ಮುನ್ನ ಅರಗಾ ಆಸುಪಾಸು ನೌಕಾನೆಲೆಯ ಪ್ರದೇಶ. ಕಡಲು ಎಷ್ಟೇ ಚೆಂದ ಕಂಡರೂ ಅಲ್ಲಿ ಕಾರು ನಿಲ್ಲಿಸುವುದು, ಫೋಟೊ ತೆಗೆಯುವುದು ಬೇಡ. ಪಣಂಬೂರಿನ ಬಂದರು ಆವರಣಕ್ಕೂ ಇದೇ ನಿಯಮ. ಕಾರವಾರದ ಸಂಜೆಯನ್ನು ಟ್ಯಾಗೋರ್ ಕಡಲತೀರದಲ್ಲಿ ಅಥವಾ ಕಾಳಿ ನದಿ ದಾಟಿ ಮಾಜಾಳಿಯ ಕಡೆ ಇಟ್ಟುಕೊಳ್ಳಿ. ಕಾಳಿಯ ಹಳೆ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಿದೆ, ಹಳೆಯ ನಕ್ಷೆ ಹಿಡಿದು ಹೊರಡಬೇಡಿ. ಪಡುಬಿದ್ರಿ, ಕಾಸರಕೋಡು ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ತೀರಗಳು. ಅಲ್ಲಿ ಟಿಕೆಟ್ಟೂ ಮುಚ್ಚುವ ಸಮಯವೂ ಇರುತ್ತವೆ, ಟ್ರೈಪಾಡಿಗೆ ಅವಕಾಶ ಇದೆಯೇ ಎಂದು ಗೇಟಿನಲ್ಲೇ ಕೇಳಿ.

## ಹಂತ 10: ರಾತ್ರಿಯ ಕೆಲಸ

ಮೀನೂಟಕ್ಕೆ ಮೊದಲು ಮಾಡಿ, ಉಂಡ ಮೇಲೆ ಆಗುವುದಿಲ್ಲ.

ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಬಿಡಿಸಿ ಸಿಹಿನೀರಿನಲ್ಲಿ ತೊಳೆಯಿರಿ, ಮಡಚದೆ ಒಣಗಲು ಬಿಡಿ. ಎರಡು ದಿನ ಬಿಟ್ಟರೆ ಕೀಲಿನಲ್ಲಿ ಉಪ್ಪು ಗಟ್ಟಿಯಾಗಿ ಕರಕರ ಸದ್ದು ಶುರುವಾಗುತ್ತದೆ, ಅದೇ ಎಚ್ಚರಿಕೆಯ ಗಂಟೆ. ಕ್ಯಾಮೆರಾ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಫಿಲ್ಟರಿನ ತಿರುಪು ಅಂಚನ್ನೂ ಒರೆಸಿ, ಇಲ್ಲದಿದ್ದರೆ ಲೆನ್ಸಿಗೆ ಕಚ್ಚಿಕೊಳ್ಳುತ್ತದೆ. ಉಪ್ಪುನೀರು ಕ್ಯಾಮೆರಾದ ಒಳಗೇ ಹೋಗಿದ್ದರೆ ಬ್ಯಾಟರಿ ತಕ್ಷಣ ತೆಗೆಯಿರಿ, “ಆನ್ ಆಗುತ್ತದಾ ನೋಡೋಣ” ಎಂದು ಸ್ವಿಚ್ ಒತ್ತಬೇಡಿ. ಅಕ್ಕಿಡಬ್ಬಿಯಲ್ಲಿ ಹೂತಿಡುವುದರಿಂದ ಉಪ್ಪು ಹೋಗುವುದಿಲ್ಲ, ರಿಪೇರಿಯವರ ಕೈಗೇ ಬೇಗ ತಲುಪಬೇಕು.

ಫೋಟೊಗಳನ್ನು ಲ್ಯಾಪ್‌ಟಾಪಿಗೂ ಇನ್ನೊಂದು ಡಿಸ್ಕಿಗೂ ನಕಲು ಮಾಡಿ. ಡಿಸ್ಕ್ ಕ್ಯಾಮೆರಾ ಬ್ಯಾಗಿನಲ್ಲಿರಬಾರದು, ಬ್ಯಾಗ್ ಹೋದರೆ ಎರಡೂ ಹೋಗುತ್ತವೆ. ಎರಡು ಕಡೆ ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ದಿನದ ಒಂದು ಚಿತ್ರವನ್ನು ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನಾಲ್ಕು ಮೂಲೆ ನೋಡಿ: ಆಕಾಶದಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಕ್ಕಿ ಕಂಡರೆ ಸೆನ್ಸರಿನ ಧೂಳು, ಜಾಗ ಬದಲಾಗುತ್ತಿದ್ದರೆ ಲೆನ್ಸಿನ ಹನಿ. ಧೂಳಾದರೆ ಆ ರಾತ್ರಿಯೇ ಬ್ಲೋವರಿನಲ್ಲಿ ಊದಿ, ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ.

ಕಾರವಾರದಿಂದ ಊರಿಗೆ ಹೊರಡುವ ಮೊದಲು ಕಾರನ್ನು ನೀರು ಹೊಡೆದು ತೊಳೆಸಿ, ಮೇಲ್ಮೈ ಅಲ್ಲ, ಅಡಿಭಾಗ. ಚಕ್ರದ ಕಮಾನು, ಸೈಲೆನ್ಸರ್ ಪೈಪು, ಬ್ರೇಕಿನ ಸುತ್ತ ನೀರು ತಾಗಲಿ. ತೊಳೆಸಿದ ಮೇಲೆ ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ, ಮುಂದೆ ಘಟ್ಟ ಹತ್ತುವುದಿದೆ.